ನಾಯಕನ ಶೀಲ, ತಂಡದ ಗತಿ

ಮಣ್ಣಿನಿಂದ ಗಡಿಗೆಯಾಗುತ್ತದೆ. ಕುಂಬಾರ, ತಿಗರಿ, ಕೋಲು ಇವು ಇಲ್ಲದೆ ಗಡಿಗೆಯಾಗದು. ಆದರೂ ಗಡಿಗೆಯಾಗುವುದು ಮಣ್ಣೇ ಹೊರತು ಕುಂಬಾರನಲ್ಲ. ಇಲ್ಲಿ ಮಣ್ಣು ಉಪಾದಾನ, ಕುಂಬಾರನು ನಿಮಿತ್ತ. ಜೈನ ದಾರ್ಶನಿಕರು ಕಾರ್ಯಕಾರಣಗಳ ಚರ್ಚೆಯಲ್ಲಿ ಈ ಎರಡರ ಭೇದವನ್ನು ಬಹು ಸೂಕ್ಷ್ಮವಾಗಿ ನಿರೂಪಿಸಿದ್ದಾರೆ. ಉಪಾದಾನದಲ್ಲಿ ಯೋಗ್ಯತೆ ಇಲ್ಲದಿದ್ದರೆ ಎಂತಹ ನಿಮಿತ್ತವೂ ನಿಷ್ಫಲ. ಮರಳನ್ನು ತಿಗರಿಯ ಮೇಲಿಟ್ಟು ಎಷ್ಟು ತಿರುಗಿಸಿದರೂ ಗಡಿಗೆಯಾಗಲಾರದು. ಹಾಗೆಂದು ನಿಮಿತ್ತವನ್ನು ಅಲಕ್ಷಿಸುವಂತೆಯೂ ಇಲ್ಲ. ಒಬ್ಬ ಮನುಷ್ಯನು ಮತ್ತೊಬ್ಬನಿಗೆ ನಿಮಿತ್ತನಾಗುವಾಗ ಆತನ ಸ್ವಭಾವಕ್ಕೆ ಎಷ್ಟು ಬೆಲೆ? ಮನೆಯ ಹಿರಿಯರು, ಶಾಲೆಯ ಉಪಾಧ್ಯಾಯರು, ಸಂಸ್ಥೆಯ ಅಧ್ಯಕ್ಷರು ಎಲ್ಲರಿಗೂ ಸಂಬಂಧಿಸಿದ ಈ ಪ್ರಶ್ನೆಯನ್ನು ದೂರದೇಶದ ಒಂದು ಕ್ರೀಡಾಕ್ಷೇತ್ರದ ಉದಾಹರಣೆಯಿಂದ ಪರಿಶೀಲಿಸಬಹುದಾಗಿದೆ.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮಲ್ಲಿ ಆ ಹೆಸರಿನಿಂದ ಪ್ರಸಿದ್ಧವಾದುದಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಸಾಲನ್ನು ಭೇದಿಸಿ ಮುನ್ನಡೆಯುವ ಆಟ ಅದು. ವೃತ್ತಿಪರ ತಂಡವೊಂದರಲ್ಲಿ 53 ಮಂದಿ ಆಟಗಾರರಿರುತ್ತಾರೆ. ಅವರ ಮೇಲೆ ಹಲವು ಸಹಾಯಕ ತರಬೇತುದಾರರು, ಎಲ್ಲರ ಮೇಲೆ ಒಬ್ಬ ಮುಖ್ಯ ತರಬೇತುದಾರ. ಈತನು ಚೆಂಡನ್ನು ಮುಟ್ಟುವುದಿಲ್ಲ, ಓಡುವುದಿಲ್ಲ, ಗಡಿಗೆರೆಯ ಹೊರಗೆ ನಿಂತಿರುತ್ತಾನೆ. ಆದರೂ ಗೆದ್ದಾಗ ಕೀರ್ತಿಗೂ ಸೋತಾಗ ಅಪಕೀರ್ತಿಗೂ ಈತನೇ ಮೊದಲ ಪಾತ್ರ. ನಿಮಿತ್ತಕಾರಣಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಫ್ಲಾರಿಡಾ ಪ್ರಾಂತದ ಟ್ಯಾಂಪಾ ಬೇ ಬಕನೀರ್ಸ್ ತಂಡವು 1983ರಿಂದ ಮೊದಲುಗೊಂಡು ವರ್ಷ ವರ್ಷವೂ ಗೆಲುವಿಗಿಂತ ಸೋಲನ್ನೇ ಹೆಚ್ಚು ಕಂಡಿತ್ತು. 1996ರಲ್ಲಿ ಟೋನಿ ಡಂಜಿ ಎಂಬವರು ಅದರ ಮುಖ್ಯ ತರಬೇತುದಾರರಾದರು. ಇವರು ಉಪಾಧ್ಯಾಯ ದಂಪತಿಗಳ ಮಗ, ಶ್ರದ್ಧಾವಂತ ಕ್ರೈಸ್ತರು, ಪಿಟ್ಸ್‌ಬರ್ಗ್ ತಂಡದಲ್ಲಿ ಚಕ್ ನೋಲ್ ಎಂಬ ಗಂಭೀರ ಸ್ವಭಾವದ ಗುರುವಿನ ಕೈಕೆಳಗೆ ಆಡಿದವರು. 1984ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಅದೇ ತಂಡದ ರಕ್ಷಣಾ ವಿಭಾಗದ ಹೊಣೆ ಹೊತ್ತಿದ್ದರೂ ಮುಖ್ಯಸ್ಥಾನಕ್ಕಾಗಿ ಹನ್ನೆರಡು ವರ್ಷ ಕಾಯಬೇಕಾಯಿತು. ಅವರು ಕೂಗುವವರಲ್ಲ, ಬೈಯುವವರಲ್ಲ. ಸಹಾಯಕರು ನಡುರಾತ್ರಿಯವರೆಗೆ ಕಚೇರಿಯಲ್ಲಿ ಕುಳಿತಿರಬೇಕೆಂದು ಬಯಸುವವರೂ ಅಲ್ಲ. ಹೆಂಡಿರು ಮಕ್ಕಳೊಡನೆ ಇರುವುದೂ ಕರ್ತವ್ಯವೇ ಎಂಬುದು ಅವರ ನಿಲುವು. ಗರ್ಜಿಸುವವನೇ ನಾಯಕನೆಂಬ ಎಣಿಕೆ ಬೇರೂರಿದ್ದ ಆ ವೃತ್ತಿಯಲ್ಲಿ ಇದು ಅಪರೂಪದ ಗುಣ.

ಆ ಗುಣಕ್ಕೆ ಪರೀಕ್ಷೆ ಕೂಡಲೇ ಬಂದಿತು. ಮೊದಲ ಐದು ಪಂದ್ಯಗಳಲ್ಲಿ ಐದೂ ಸೋಲು; ಒಂಬತ್ತು ಪಂದ್ಯ ಮುಗಿದಾಗ ಒಂದೇ ಗೆಲುವು. ತಂಡಕ್ಕೆ ಅದು ಸತತ ಹದಿನಾಲ್ಕನೆಯ ಸೋಲಿನ ವರ್ಷವಾಗುವುದು ಬಹುತೇಕ ಖಚಿತವಾಗಿತ್ತು. ಸೋತ ನಾಯಕನು ದನಿ ಏರಿಸುವುದು, ತಪ್ಪನ್ನು ಒಬ್ಬಿಬ್ಬರ ತಲೆಗೆ ಕಟ್ಟುವುದು ಲೋಕರೂಢಿ. ಡಂಜಿಯವರು ಹಾಗೆ ಮಾಡಲಿಲ್ಲ. ಕಲಿಸುತ್ತಿದ್ದುದನ್ನೇ ಕಲಿಸಿದರು, ಮಾತಾಡುತ್ತಿದ್ದ ದನಿಯಲ್ಲೇ ಮಾತಾಡಿದರು. ಉಳಿದ ಏಳು ಪಂದ್ಯಗಳಲ್ಲಿ ತಂಡವು ಐದನ್ನು ಗೆದ್ದಿತು. ಮರುವರ್ಷ 16 ಪಂದ್ಯಗಳಲ್ಲಿ 10 ಗೆಲುವು. 1999ರ ಋತುವಿನಲ್ಲಿ ಅಂತಿಮ ಪಂದ್ಯಕ್ಕೆ ಒಂದೇ ಮೆಟ್ಟಿಲು ಉಳಿದಿತ್ತು.

ಇದನ್ನೆಲ್ಲ ನಾಯಕನೊಬ್ಬನ ಮಹಿಮೆಯೆಂದು ಹೇಳಿಬಿಟ್ಟರೆ ಉಪಾದಾನಕ್ಕೆ ಅನ್ಯಾಯವಾಗುತ್ತದೆ. ಮುಂದೆ ಆ ಆಟದ ಕೀರ್ತಿಮಂದಿರದಲ್ಲಿ ಸ್ಥಾನ ಪಡೆದ ಡೆರಿಕ್ ಬ್ರೂಕ್ಸ್, ವಾರೆನ್ ಸ್ಯಾಪ್, ಜಾನ್ ಲಿಂಚ್ ಈ ಮೂವರೂ ಡಂಜಿಯವರು ಬರುವ ಮೊದಲೇ ತಂಡದಲ್ಲಿದ್ದರು. ಮಣ್ಣು ಒಳ್ಳೆಯದಾಗಿತ್ತು. ಆದರೆ ಒಳ್ಳೆಯ ಮಣ್ಣು ಸೋಲುತ್ತಲೇ ಇತ್ತೆಂಬುದೂ ಅಷ್ಟೇ ದಿಟ.

ಹಾಗಾದರೆ ನಾಯಕನ ಸ್ವಭಾವವು ತಂಡದೊಳಗೆ ಪ್ರವೇಶಿಸುವ ದಾರಿ ಯಾವುದು? ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳ ದೃಷ್ಟಿಯಿಂದ ನೋಡಿದರೆ ಒಂದು ಸಂಗತಿ ಗೋಚರವಾಗುತ್ತದೆ. ಮೇಲಿನವನ ಕಷಾಯವು ಕೆಳಗಿನವನಲ್ಲಿ ಅದೇ ರೂಪದಲ್ಲಿ ಕಾಣಿಸಿಕೊಳ್ಳುವುದು ಕಡಿಮೆ. ಅನೇಕ ವೇಳೆ ಅದು ವೇಷ ಬದಲಿಸಿಕೊಂಡು ಬರುತ್ತದೆ. ನಾಯಕನ ಕ್ರೋಧವು ಅನುಯಾಯಿಯಲ್ಲಿ ಮಾಯೆಯಾಗುತ್ತದೆ: ಬೈಗುಳಕ್ಕೆ ಅಂಜಿದವನು ತನ್ನ ತಪ್ಪನ್ನು ಮುಚ್ಚಿಡುತ್ತಾನೆ, ಪಕ್ಕದವನತ್ತ ಬೆರಳು ತೋರಿಸುತ್ತಾನೆ. ನಾಯಕನ ಮಾನವು ಅನುಯಾಯಿಯಲ್ಲಿ ಮುಖಸ್ತುತಿಯಾಗುತ್ತದೆ. ನಾಯಕನ ಲೋಭ, ಅಂದರೆ ಹೇಗಾದರೂ ಗೆಲ್ಲಬೇಕೆಂಬ ಆಸೆ, ಗಾಯಗೊಂಡ ಆಟಗಾರನು ನೋವನ್ನು ಬಚ್ಚಿಟ್ಟು ಮತ್ತೆ ಕಣಕ್ಕಿಳಿಯುವಂತೆ ಮಾಡುತ್ತದೆ. ಹೀಗೆ ಒಂದು ದೀಪದ ಹೊಗೆ ಹಲವು ಗೋಡೆಗಳನ್ನು ಕಪ್ಪಾಗಿಸುತ್ತದೆ. ಸುಳ್ಳು ಹೇಳಿದ ಆಟಗಾರನ ಬಂಧ ಆತನದೇ. ಜೈನ ಕರ್ಮಸಿದ್ಧಾಂತದಲ್ಲಿ ಒಬ್ಬರ ಪಾಪವನ್ನು ಇನ್ನೊಬ್ಬರು ಹೊರಲಾಗದು. ಆದರೆ ಆ ಸುಳ್ಳಿಗೆ ನಿಮಿತ್ತನಾದವನ ಭಾವಕ್ಕೂ ಅದರದೇ ಆದ ಬಂಧವಿದೆ. ಹೊಣೆ ಇಬ್ಬರಲ್ಲಿ ಹಂಚಿಹೋಗಿ ಅರ್ಧವಾಗುವುದಿಲ್ಲ. ಇಬ್ಬರಿಗೂ ಪೂರ್ಣವಾಗಿಯೇ ಉಳಿಯುತ್ತದೆ.

ಇಲ್ಲಿ ಬಲವಾದ ಪೂರ್ವಪಕ್ಷವೊಂದಿದೆ. 2000 ಮತ್ತು 2001ರ ಋತುಗಳೆರಡರಲ್ಲಿಯೂ ಡಂಜಿಯವರ ತಂಡವು ನಿರ್ಣಾಯಕ ಹಂತದಲ್ಲಿ ಫಿಲಡೆಲ್ಫಿಯಾಕ್ಕೆ ಸೋತಿತು. 2002ರ ಜನವರಿಯಲ್ಲಿ ಅವರನ್ನು ಸ್ಥಾನದಿಂದ ತೆಗೆದುಹಾಕಲಾಯಿತು. ಅವರ ಬದಲಿಗೆ ಓಕ್ಲಂಡ್ ರೈಡರ್ಸ್ ತಂಡದಿಂದ ಜಾನ್ ಗ್ರೂಡೆನ್ ಅವರನ್ನು ಕರೆತರಲು ಟ್ಯಾಂಪಾ ತಂಡವು 80 ಲಕ್ಷ ಡಾಲರ್ ಹಣವನ್ನಲ್ಲದೆ, ಮುಂದಿನ ವರ್ಷಗಳಲ್ಲಿ ಹೊಸ ಆಟಗಾರರನ್ನು ಆಯ್ದುಕೊಳ್ಳುವ ನಾಲ್ಕು ಅಮೂಲ್ಯ ಅವಕಾಶಗಳನ್ನೂ ತೆತ್ತಿತು. ಗ್ರೂಡೆನ್ ಅವರು ಸ್ವಭಾವದಲ್ಲಿ ಡಂಜಿಯವರಿಗೆ ತದ್ವಿರುದ್ಧ: ಮುಖ ಗಂಟಿಕ್ಕಿ, ದನಿ ಎತ್ತರಿಸಿ, ಆಟಗಾರರನ್ನು ಕೆಣಕಿ ಕೆಲಸ ತೆಗೆಯುವವರು. ಮೊದಲ ವರ್ಷದಲ್ಲಿಯೇ, 2003ರ ಜನವರಿ 26ರಂದು, ಟ್ಯಾಂಪಾ ತಂಡವು 48–21ರಿಂದ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವನ್ನು ಗೆದ್ದುಕೊಂಡಿತು. ಶಾಂತಿ ತಂದಿತ್ತುದು ಬಾಗಿಲವರೆಗೆ, ಒಳಗೆ ಕರೆದೊಯ್ದುದು ಉಗ್ರತೆ. ಹೀಗಿರುವಲ್ಲಿ ಕ್ಷಮೆಯ ಹಿರಿಮೆಯನ್ನು ಹಾಡುವುದೇಕೆ ಎಂದು ಕೇಳಬಹುದು.

ಈ ಪ್ರಶ್ನೆಗೆ ಅವಸರದ ಉತ್ತರ ಸಲ್ಲದು. ಅಂದು ಗೆದ್ದ ತಂಡದ ರಕ್ಷಣಾ ವಿಭಾಗವನ್ನು ಆರು ವರ್ಷ ಕಟ್ಟಿದವರು ಡಂಜಿ. ಅಂದು ಸೋತ ತಂಡವಾದರೂ ಯಾವುದು? ಗ್ರೂಡೆನ್ ಅವರೇ ಹಿಂದಿನ ವರ್ಷದವರೆಗೆ ಪಳಗಿಸಿದ್ದ ಓಕ್ಲಂಡ್ ತಂಡ! ಡಂಜಿಯವರು ಕಟ್ಟಿದ ತಂಡವು ಗ್ರೂಡೆನ್ ಅವರು ಕಟ್ಟಿದ ತಂಡವನ್ನು ಗ್ರೂಡೆನ್ ಅವರ ನಾಯಕತ್ವದಲ್ಲಿ ಸೋಲಿಸಿತು. ಈ ಗೆಲುವು ಯಾರದು ಎಂಬುದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಒಂದು ನಯದಿಂದ ಅದು ಹಿಂದಿನವರದು. ಇನ್ನೊಂದು ನಯದಿಂದ ಹೊಸಬರದು, ಏಕೆಂದರೆ ಎದುರಾಳಿಯ ಒಳಗುಟ್ಟು ಬಲ್ಲವರು ಅವರೇ. ಮತ್ತೊಂದು ನಯದಿಂದ ಕಣದಲ್ಲಿ ಬೆವರು ಸುರಿಸಿದ ಆಟಗಾರರದು. ಅನೇಕಾಂತದೃಷ್ಟಿ ಬೇಕಾಗುವುದು ಇಂತಹ ಕಡೆಯಲ್ಲೇ. ಮುಂದಿನ ಎರಡು ಋತುಗಳಲ್ಲಿ ಟ್ಯಾಂಪಾ ತಂಡವು ಮತ್ತೆ ಗೆಲುವಿಗಿಂತ ಹೆಚ್ಚು ಸೋಲು ಕಂಡಿತೆಂಬುದನ್ನು ಉಗ್ರತೆಯ ಫಲವೆಂದು ಹೇಳುವುದೂ ಏಕಾಂತವಾದವೇ ಆದೀತು. ತೆತ್ತ ಬೆಲೆ, ವಯಸ್ಸಾದ ಆಟಗಾರರು, ಇವೂ ಕಾರಣಗಳು.

ಇನ್ನು, ಎತ್ತರದ ದನಿಯೆಲ್ಲ ಕಷಾಯವೆಂದೂ ಮೆಲುದನಿಯೆಲ್ಲ ಉಪಶಮವೆಂದೂ ತಿಳಿಯಬಾರದು. ವಿನ್ಸ್ ಲೊಂಬಾರ್ಡಿ ಎಂಬವರು 1959ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಬಂದಾಗ ಅದು ಹಿಂದಿನ ವರ್ಷದ 12 ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದಿತ್ತು. 1961ರಿಂದ 1967ರವರೆಗಿನ ಏಳು ಋತುಗಳಲ್ಲಿ ಅದೇ ತಂಡವು ಐದು ಸಲ ಚಾಂಪಿಯನ್ ಆಯಿತು. ಲೊಂಬಾರ್ಡಿಯವರ ಗರ್ಜನೆ ಪ್ರಸಿದ್ಧವಾದುದು. ಆದರೆ ಅದೇ ಮನುಷ್ಯರು, ಕಪ್ಪುಬಣ್ಣದ ಆಟಗಾರರನ್ನು ಒಳಗೆ ಬಿಡದ ಹೋಟೆಲು, ಪಾನಗೃಹಗಳಿಗೆ ತಮ್ಮ ತಂಡದ ಯಾರೂ ಕಾಲಿಡಕೂಡದೆಂದು ಕಟ್ಟುನಿಟ್ಟು ಮಾಡಿದ್ದರು. ಹೊರಗೆ ಬಿರುಸು, ಒಳಗೆ ನ್ಯಾಯಬುದ್ಧಿ. ಇದಕ್ಕೆ ವ್ಯತಿರಿಕ್ತವಾಗಿ ಸದಾ ಮೆಲ್ಲನೆ ನುಡಿಯುತ್ತ ಒಳಗೆ ಹಗೆಯನ್ನು ಸಾಕುವವರೂ ಲೋಕದಲ್ಲಿದ್ದಾರೆ. ಅದು ಕ್ಷಮೆಯಲ್ಲ, ಮಾಯೆ. ದ್ರವ್ಯಕ್ಕಿಂತ ಭಾವವು ಮುಖ್ಯವೆಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಆದರೂ ಬಿರುಸಿನಲ್ಲಿ ಅಪಾಯ ಹೆಚ್ಚು. ಲೊಂಬಾರ್ಡಿಯವರ ನ್ಯಾಯಬುದ್ಧಿಯನ್ನು ಬಿಟ್ಟು ಅವರ ಗರ್ಜನೆಯನ್ನಷ್ಟೇ ಕಲಿಯುವುದು ಬಹು ಸುಲಭ.

ಹಿಂಸೆಯ ಪ್ರಶ್ನೆಯನ್ನೂ ಮರೆಯುವಂತಿಲ್ಲ. ಇದು ದೇಹಕ್ಕೆ ದೇಹ ಅಪ್ಪಳಿಸುವ ಆಟ. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದ ಮೆದುಳು ಕ್ಷಯಿಸಿ, ನಡುವಯಸ್ಸಿನಲ್ಲೇ ನೆನಪು, ವಿವೇಕಗಳನ್ನು ಕಳೆದುಕೊಂಡ ಆಟಗಾರರ ಸಂಗತಿ ಬೆಳಕಿಗೆ ಬಂದು ಸಾವಿರಾರು ಮಂದಿ ನ್ಯಾಯಾಲಯದ ಮೊರೆಹೋದರು. ಅಹಿಂಸಾಧರ್ಮೀಯರು ಇಂತಹ ಆಟವನ್ನು ಮೆಚ್ಚಬೇಕಾಗಿಲ್ಲ. ಶಾಂತನಾದ ತರಬೇತುದಾರನಿದ್ದ ಮಾತ್ರಕ್ಕೆ ಆಟವು ಅಹಿಂಸಕವಾಗುವುದೂ ಇಲ್ಲ. ಆದರೆ ನಾಯಕನ ಶೀಲದ ಬೆಲೆ ಅತ್ಯಂತ ಸ್ಫುಟವಾಗಿ ತಿಳಿಯುವುದು ಇಂತಹ ಸ್ಥಳದಲ್ಲಿಯೇ. ತಲೆ ತಿರುಗುತ್ತಿರುವ ಆಟಗಾರನೊಬ್ಬನು ‘ನನಗೇನೂ ಆಗಿಲ್ಲ’ ಎಂದು ಸುಳ್ಳಾಡಿದಾಗ, ಆ ಸುಳ್ಳನ್ನು ನಂಬುವುದರಲ್ಲಿ ಲಾಭವಿರುವ ನಾಯಕನು ನಂಬುತ್ತಾನೆಯೇ, ಇಲ್ಲವೇ? ಒಂದು ಜೀವದ ಮುಂದಿನ ಮೂವತ್ತು ವರ್ಷಗಳು ಆ ಕ್ಷಣದ ಲೋಭದ ಮೇಲೆ ನಿಂತಿರುತ್ತವೆ. ಹಿಂಸೆ ಕಡಿಮೆಯಿರುವ ನಮ್ಮ ಮನೆ, ಅಂಗಡಿ, ಶಾಲೆಗಳಲ್ಲಿಯೂ ಇದೇ ಪ್ರಶ್ನೆ ಬೇರೆ ಉಡುಪಿನಲ್ಲಿ ಎದುರಾಗುತ್ತದೆ.

ಡಂಜಿಯವರ ಕಥೆ ಟ್ಯಾಂಪಾದಲ್ಲಿ ಮುಗಿಯಲಿಲ್ಲ. ಅದೇ 2002ರಲ್ಲಿ ಅವರು ಇಂಡಿಯಾನಪೊಲಿಸ್ ಕೋಲ್ಟ್ಸ್ ತಂಡದ ಹೊಣೆ ಹೊತ್ತರು. 2003ರ ಅಕ್ಟೋಬರ್ 6ರಂದು, ತಮ್ಮ 48ನೆಯ ಹುಟ್ಟುಹಬ್ಬದ ದಿನ, ಹಳೆಯ ತಂಡದ ವಿರುದ್ಧ ಹಳೆಯ ಊರಿನಲ್ಲೇ ಆಡಬೇಕಾಯಿತು. ಆಟಕ್ಕೆ ನಾಲ್ಕೇ ನಿಮಿಷ ಉಳಿದಿದ್ದಾಗ ಕೋಲ್ಟ್ಸ್ 35–14ರಿಂದ ಹಿಂದಿತ್ತು. ತಂಡವು ಕಂಗೆಡದೆ ಆಡಿ, ಸಮಮಾಡಿಕೊಂಡು, ಹೆಚ್ಚುವರಿ ಅವಧಿಯಲ್ಲಿ 38–35ರಿಂದ ಗೆದ್ದಿತು. 2005ರ ಡಿಸೆಂಬರಿನಲ್ಲಿ ಡಂಜಿಯವರಿಗೆ ಪುತ್ರವಿಯೋಗದ ದಾರುಣ ದುಃಖ ಒದಗಿತು. ಅದನ್ನು ಸಹಿಸಿ ಕರ್ತವ್ಯಕ್ಕೆ ಮರಳಿದರು. 2007ರ ಫೆಬ್ರವರಿ 4ರ ಸೂಪರ್ ಬೌಲ್‌ನಲ್ಲಿ ಮೊದಲ ಒದೆತದಲ್ಲೇ ಎದುರಾಳಿ ಷಿಕಾಗೋ ತಂಡ ಅಂಕ ಗಳಿಸಿದರೂ ಕೋಲ್ಟ್ಸ್ ಧೃತಿಗೆಡದೆ 29–17ರಿಂದ ಗೆದ್ದಿತು. ಆ ಪಂದ್ಯವನ್ನು ಗೆದ್ದ ಮೊದಲ ಆಫ್ರಿಕನ್-ಅಮೆರಿಕನ್ ಮುಖ್ಯ ತರಬೇತುದಾರರು ಅವರು. ಅಂದು ಎದುರು ಪಕ್ಷದ ನಾಯಕರಾಗಿ ನಿಂತಿದ್ದ ಲವೀ ಸ್ಮಿತ್ ಅವರು ಟ್ಯಾಂಪಾದಲ್ಲಿ ಡಂಜಿಯವರ ಕೈಕೆಳಗೇ ಕೆಲಸ ಕಲಿತವರು. ಗೆದ್ದವರಲ್ಲಿಯೂ ಸೋತವರಲ್ಲಿಯೂ ಒಬ್ಬರದೇ ಶೀಲದ ನೆರಳಿತ್ತು.

ಕಡೆಗೆ ಗೆಲುವು ಬಂದಿತು. ಆದುದರಿಂದ ಶಾಂತಿ ಸಾರ್ಥಕವಾಯಿತು ಎಂದು ಮುಗಿಸುವುದು ಹಿತವಾಗಿ ತೋರಬಹುದು. ಆದರೆ ಅದು ಸರಿಯಾದ ನಿರ್ಣಯವಲ್ಲ. ಆ ಗೆಲುವು ಬಾರದೆಯೂ ಇರಬಹುದಿತ್ತು. ಶಾಂತಿಯನ್ನು ಗೆಲುವಿನ ಉಪಾಯವೆಂದು ಹಿಡಿದವನು ಸೋತ ದಿನವೇ ಅದನ್ನು ಬಿಟ್ಟುಬಿಡುತ್ತಾನೆ. ಅದು ವ್ರತವಲ್ಲ, ವ್ಯಾಪಾರ. ಡಂಜಿಯವರ ಶೀಲಕ್ಕೆ ನಿಜವಾದ ಸಾಕ್ಷಿ 2007ರ ಗೆಲುವಲ್ಲ, 1996ರ ಐದು ಸೋಲುಗಳು.

ಜೀವಪುದ್ಗಲಗಳ ಚಲನೆಗೆ ನೆರವಾಗುವ ಧರ್ಮದ್ರವ್ಯವನ್ನು ಶಾಸ್ತ್ರಕಾರರು ಮೀನಿಗೆ ನೀರಿರುವ ಹಾಗೆ ಎಂದು ವರ್ಣಿಸುತ್ತಾರೆ. ನೀರು ಮೀನನ್ನು ತಳ್ಳುವುದಿಲ್ಲ. ನೀರಿಲ್ಲದೆ ಮೀನು ಚಲಿಸಲೂ ಆರದು. ಮನುಷ್ಯನಾದ ನಾಯಕನು ಅಷ್ಟು ಉದಾಸೀನ ನಿಮಿತ್ತವಾಗಲಾರ. ಆತನು ಪ್ರೇರಕನೂ ಆಗಬೇಕಾಗುತ್ತದೆ, ತಿದ್ದಬೇಕಾಗುತ್ತದೆ, ಕೆಲವೊಮ್ಮೆ ನಿಷ್ಠುರವಾಗಿ ನುಡಿಯಬೇಕಾಗುತ್ತದೆ. ಆದರೆ ಈಜುವುದು ಮೀನು, ತಾನಲ್ಲ ಎಂಬ ಎಚ್ಚರ ಆತನಿಗಿರಬೇಕು. ಈ ಎಚ್ಚರ ತಪ್ಪಿದಾಗ ಏನಾಗುತ್ತದೆಂಬುದನ್ನು ಕನ್ನಡಿಗರಿಗೆ ಶ್ರವಣಬೆಳಗೊಳದ ಐತಿಹ್ಯವೇ ಹೇಳಿಕೊಟ್ಟಿದೆ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಕೊಡಕೊಡ ಹಾಲು ಸುರಿದರೂ ಅದು ಮೂರ್ತಿಯ ಪಾದದವರೆಗೆ ಇಳಿಯಲಿಲ್ಲ. ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ತುಸು ಹಾಲು ಅಡಿಯವರೆಗೂ ಹರಿಯಿತು. ‘ನಾನು ಮಾಡಿಸಿದೆ’ ಎಂಬ ಮಾನವು ಹಾಲನ್ನು ತಡೆದಿತ್ತು. ಗುಳ್ಳಕಾಯಜ್ಜಿಯ ಪ್ರತಿಮೆ ಇಂದಿಗೂ ಬೆಟ್ಟದ ಮೇಲೆ ಸ್ವಾಮಿಗೆ ಅಭಿಮುಖವಾಗಿ ನಿಂತಿದೆ.

ತಂಡ, ಮನೆ, ಮಠ, ಶಾಲೆ, ಯಾವುದೇ ಇರಲಿ, ಹೊಸದಾಗಿ ಅಧಿಕಾರ ವಹಿಸಿಕೊಂಡವನು ಮೊದಲು ಕೇಳಿಕೊಳ್ಳಬೇಕಾದುದು ತನ್ನ ಕೈಕೆಳಗಿನವರು ಎಷ್ಟು ಗೆದ್ದಾರು ಎಂಬುದನ್ನಲ್ಲ. ತನ್ನೆದುರು ಅವರು ನಿರ್ಭಯವಾಗಿ ನಿಜ ಹೇಳಬಲ್ಲರೇ ಎಂಬುದನ್ನು. ಗೆಲುವು ಸೋಲುಗಳು ಹಲವು ಕಾರಣಗಳ ಕೂಟದಿಂದ ಬಂದುಹೋಗುತ್ತವೆ. ತನ್ನ ಕಷಾಯವನ್ನು ತಾನು ತಗ್ಗಿಸಿಕೊಳ್ಳುವ ಕಾರ್ಯಕ್ಕೆ ಮಾತ್ರ ಉಪಾದಾನವೂ ತಾನೇ.