ನಗೆಯ ಕಾರಣವೂ ನಗೆಯ ಎಲ್ಲೆಯೂ

ಮನುಷ್ಯನು ಏಕೆ ನಗುವನೆಂಬುದು ತತ್ತ್ವಜ್ಞರನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆ. ಅವರ ಉತ್ತರಗಳನ್ನು ಒರೆಗೆ ಹಚ್ಚುವುದಕ್ಕೆ ಮಹಾಭಾರತದ ಸಭಾಪರ್ವದಲ್ಲಿ ಬರುವ ಒಂದು ಸಂದರ್ಭವು ತಕ್ಕುದಾಗಿದೆ. ಮಯನು ನಿರ್ಮಿಸಿದ ಸಭೆಯಲ್ಲಿ ದುರ್ಯೋಧನನು ಸ್ಫಟಿಕದ ನೆಲವನ್ನು ನೀರೆಂದು ಭ್ರಮಿಸಿ ಉಟ್ಟ ವಸ್ತ್ರವನ್ನು ಮೇಲಕ್ಕೆತ್ತಿಕೊಂಡನು. ಬಳಿಕ ನಿಜವಾದ ಕೊಳವನ್ನೇ ನೆಲವೆಂದು ತಿಳಿದು ಕಾಲಿಟ್ಟು ನೀರಿಗೆ ಬಿದ್ದನು. ಕಿಂಕರರು ನಕ್ಕರು, ಭೀಮಾರ್ಜುನರೂ ನಕುಲಸಹದೇವರೂ ನಕ್ಕರು.

ಈ ನಗೆಗೆ ಕಾರಣವೇನು? ಆಂಗ್ಲ ತತ್ತ್ವಜ್ಞನಾದ ಹಾಬ್ಸನು 1651ರಲ್ಲಿ ಪ್ರಕಟವಾದ ‘ಲೆವಿಯಥಾನ್’ ಎಂಬ ಗ್ರಂಥದಲ್ಲಿ, ಪರರ ಕುಂದನ್ನು ಕಂಡಾಗ ತನ್ನ ಹಿರಿಮೆಯು ಥಟ್ಟನೆ ಹೊಳೆಯುವುದೇ ನಗೆಗೆ ಮೂಲವೆಂದನು. ಜರ್ಮನಿಯ ಕಾಂಟನು 1790ರಲ್ಲಿ, ಬಿಗಿಗೊಂಡ ನಿರೀಕ್ಷೆಯು ಫಕ್ಕನೆ ಶೂನ್ಯವಾಗುವುದರಿಂದ ನಗೆಯು ಹುಟ್ಟುವುದೆಂದನು. 1860ರಲ್ಲಿ ಸ್ಪೆನ್ಸರನು, ಒಳಗೆ ಕೂಡಿದ ನರಶಕ್ತಿಯು ಬೇರೆ ದಾರಿಗಾಣದೆ ಹೊರಚೆಲ್ಲುವುದೇ ನಗೆಯೆಂದನು. ಭಾರತೀಯ ಆಲಂಕಾರಿಕರಲ್ಲಿ ಅಭಿನವಗುಪ್ತನು ಅನೌಚಿತ್ಯವನ್ನು ಹಾಸ್ಯದ ಬೀಜವೆಂದು ಎಣಿಸಿದನು.

ಇವುಗಳಲ್ಲಿ ಯಾವುದೂ ಸುಳ್ಳಲ್ಲ. ದಾಯಾದಿಯು ಬಿದ್ದಾಗ ಭೀಮನಿಗೆ ತನ್ನ ಹಿರಿಮೆಯು ಹೊಳೆದಿರಬೇಕು. ಅರಸರ ಮುಂದೆ ಉಸಿರು ಬಿಗಿಹಿಡಿದು ನಿಲ್ಲುವ ಕಿಂಕರರಿಗೆ ಕ್ಷಣಕಾಲ ಬಿಡುಗಡೆ ದೊರೆತಿರಬೇಕು. ಛತ್ರಚಾಮರಗಳಿಗೆ ಒಡೆಯನಾದವನು ತೊಯ್ದು ನಿಂತುದು ಅನುಚಿತವೇ ಸರಿ. ಆದರೆ ಅದೇ ಬೀಳುವಿಕೆಯಲ್ಲಿ ಅವನ ಎಲುಬು ಮುರಿದಿದ್ದರೆ ಸಭೆಯು ನಗುತ್ತಿತ್ತೆ? ಅನೌಚಿತ್ಯವು ಅಷ್ಟೇ ಇರುತ್ತಿತ್ತು. ನಗೆಯು ಮಾತ್ರ ನಿಲ್ಲುತ್ತಿತ್ತು. ಇದನ್ನು ಬಹು ಹಿಂದೆಯೇ ಕಂಡವನು ಅರಿಸ್ಟಾಟಲನು. ನೋವನ್ನಾಗಲಿ ನಾಶವನ್ನಾಗಲಿ ತಾರದ ದೋಷವೇ ಹಾಸ್ಯಾಸ್ಪದವೆಂಬುದು ಅವನ ಮತ.

ಇಲ್ಲಿಯೇ ಧರ್ಮದ ಪ್ರಶ್ನೆಯು ತಲೆದೋರುವುದು. ನೋವಿಲ್ಲವೆಂದು ನಿರ್ಣಯಿಸತಕ್ಕವರು ಯಾರು? ನಗುವವನು ಕಣ್ಣಿಗೆ ಕಾಣುವ ಗಾಯವನ್ನಷ್ಟೇ ಹುಡುಕುವನು. ದುರ್ಯೋಧನನ ಮೈಗೆ ಗಾಯವಾಗಲಿಲ್ಲ. ಅರಸನ ಅಪ್ಪಣೆಯಂತೆ ಅವನಿಗೆ ಒಳ್ಳೆಯ ಬಟ್ಟೆಗಳನ್ನೂ ಕೊಟ್ಟರು. ಆದರೂ ಅವನು ಮುಖಭಾವವನ್ನು ಮರೆಸಿಕೊಂಡು, ನಕ್ಕವರ ಕಡೆಗೆ ಕಣ್ಣೆತ್ತಿ ನೋಡಲಿಲ್ಲವೆಂದು ವ್ಯಾಸರು ಹೇಳಿರುವರು. ಸಿದ್ಧಾಂತಗಳು ಬಹುಮಟ್ಟಿಗೆ ನಗುವವನ ಮನಸ್ಸನ್ನು ಶೋಧಿಸಿರುವುವು. ನಗೆಯ ಎಲ್ಲೆಯಾದರೋ ನಗೆಗೆ ಈಡಾದವನ ಮನಸ್ಸಿನಲ್ಲಿರುವುದು. ಬಿದ್ದವನೂ ಒಡಗೂಡಿ ನಗಬಲ್ಲನಾದರೆ ಅದು ವಿನೋದ. ಅವನು ಮುಖ ತಿರುಗಿಸಿದನೆಂದರೆ ಅಲ್ಲಿಗೆ ನಗೆಯು ನಿಲ್ಲತಕ್ಕುದು.

ಒದ್ದೆಯಾದ ಬಟ್ಟೆಯನ್ನು ದುರ್ಯೋಧನನು ಇಂದ್ರಪ್ರಸ್ಥದಲ್ಲಿಯೇ ಬದಲಿಸಿದನು. ಆ ನಗೆಯನ್ನಾದರೋ, ಪಾಂಡವರ ಸಿರಿಯನ್ನು ಕಂಡ ಮತ್ಸರದೊಡನೆ, ಹಸ್ತಿನಾವತಿಯವರೆಗೂ ಹೊತ್ತು ನಡೆದನು. ಅಲ್ಲಿಂದ ಮುಂದಿನದು ದ್ಯೂತ.