ನೆರಳು ಸರಿಯುವದು, ಹಗ್ಗ ಸರಿಯದು

ನಿನೆವೆ ಪಟ್ಟಣದ ಹೊರಗೆ ಕೂತಿದ್ದ ಯೋನನ ತಲೆಗೆ ನೆರಳಾಗಿದ್ದ ಗಿಡವನ್ನು ಹುಳವು ಕಡಿದು ಒಣಗಿಸಿತೆಂದೂ, ಬಿಸಿಲಿನ ತಾಪಕ್ಕೆ ಅವನು ಸಾವನ್ನೇ ಬೇಡಿಕೊಂಡನೆಂದೂ ನಾವೆಲ್ಲರೂ ಬಲ್ಲೆವು. ಆ ಪುಸ್ತಕದ ಕಡೇ ಮಾತು ಏನೆಂದು ಕೇಳಿದರೆ ಮಾತ್ರ ನಮ್ಮಲ್ಲಿ ಅನೇಕರು ತಡವರಿಸುವೆವು. ದೇವರು ಅಲ್ಲಿ ಪಟ್ಟಣದ ಜನರೊಡನೆ ದನಗಳನ್ನೂ ನೆನೆಯುತ್ತಾನೆ.

ಕಟ್ಟಿಲ್ಲದ ಜೀವಿಗಳಿಗೆ ಸೆಕೆಗೂ ಚಳಿಗೂ ಒಂದೊಂದು ದಾರಿಯುಂಟು. ನಾಯಿಗೆ ನಮ್ಮಂತೆ ಮೈಯೆಲ್ಲಾ ಬೆವರದು; ಅದು ನಾಲಿಗೆ ಚಾಚಿ ಏದುತ್ತಾ ಬಾಯಿಯ ತೇವವನ್ನು ಆವಿಯಾಗಿಸಿ ತಂಪಾಗುವದು. ಜೇನುಹುಳಗಳು ನೀರು ತಂದು ಎರಿಗಳ ಮೇಲೆ ಹರಡಿ ರೆಕ್ಕೆಯಿಂದ ಬೀಸುವವು; ಚಳಿ ಬಿದ್ದರೆ ಒತ್ತಾಗಿ ಸೇರಿ ಮೈ ನಡುಗಿಸಿ ಕಾವು ಹುಟ್ಟಿಸುವವು. ಎಮ್ಮೆಯ ಚರ್ಮವು ಕಪ್ಪು, ಬೆವರಿನ ಗ್ರಂಥಿಗಳು ಹಸುವಿಗಿಂತ ಕಡಿಮೆ. ಅದು ಕೆರೆಯ ಕೆಸರಿನಲ್ಲಿ ಬಿದ್ದುಕೊಳ್ಳುವದು ಸೋಮಾರಿತನದಿಂದಲ್ಲ.

ಹೋಳೂರಿನ ಸೀಮೆಯಲ್ಲಿ ನಾವು ಸಾಕುವ ರೇಷ್ಮೆಹುಳುವಿಗಾದರೋ ಅಂಥ ದಾರಿಯೇ ಇಲ್ಲ. ಸಾವಿರಾರು ವರುಷ ಮನುಷ್ಯನ ಕೈಯಲ್ಲಿ ಬೆಳೆದು ಅದರ ಚಿಟ್ಟೆಯು ಹಾರುವ ಶಕ್ತಿಯನ್ನೇ ಕಳೆದುಕೊಂಡಿದೆ. ಹುಳುವು ತಟ್ಟೆಯನ್ನು ಬಿಟ್ಟು ನೆರಳನ್ನು ಹುಡುಕದು. ಹುಳುಮನೆಯ ಕಾವೇ ಅದರ ಮೈಯ ಕಾವು. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್, ಬೆಳೆದದ್ದಕ್ಕೆ 24, 25 ಡಿಗ್ರಿ ಹಿತ. 20ಕ್ಕೆ ಕೆಳಗಿಳಿದರೆ ಸೊಪ್ಪು ತಿನ್ನುವದು ನಿಧಾನವಾಗಿ ಜ್ವರಕ್ಕೆ ಹೋಗುವದು ತಡವಾಗುವದು. ಬೆಳೆದ ಹುಳುವಿಗೆ 30ನ್ನು ಮೀರಿದ ಸೆಕೆ ತಗಲಿದರೆ ಅದು ಸೊರಗಿ ರೋಗಕ್ಕೆ ಗುರಿಯಾಗುವದು, ಗೂಡು ಹಗುರವಾಗುವದು. ಆದಕಾರಣ ಡಿಸೆಂಬರಿನ ರಾತ್ರಿಗಳಲ್ಲಿ ನಮ್ಮ ತಾಯಂದಿರು ನಿದ್ದೆಗೆಟ್ಟು ಹುಳುಮನೆಗೆ ಕಾವು ಕೊಡುವರು. ಏಪ್ರಿಲಿನಲ್ಲಿ ಕಿಟಕಿಗೆ ಒದ್ದೆ ಗೋಣಿಯನ್ನು ತೂಗುಹಾಕಿ, ಅದು ಆರಿದಷ್ಟು ಸಲ ನೀರೆರೆಯುವರು. ಈ ಜಾಗರಣೆಗೆ ಗೂಡಿನ ಬೆಲೆಯೂ ಕಾರಣವೆಂಬುದನ್ನು ನಾವು ಮರೆಮಾಚಲಾರೆವು. ಆದರೂ ಒಂದು ಮೂಕ ಜೀವಿಯ ಸುಖದುಃಖವನ್ನು ಗಳಿಗೆಗಳಿಗೆಗೆ ವಿಚಾರಿಸಬಲ್ಲೆವೆಂಬುದು ಇದರಿಂದ ತಿಳಿಯುವದಷ್ಟೆ.

ಹುಳುವಿಗೆ ಇಷ್ಟು ಎಚ್ಚರವಾಗಿರುವ ನಾವು ಭಾನುವಾರ ಬೆಳಿಗ್ಗೆ ಎಮ್ಮೆಯನ್ನು ಹುಣಸೆಮರದ ಪಡುವಣ ನೆರಳಿಗೆ ಕಟ್ಟಿ ಆರಾಧನೆಗೆ ಬರುತ್ತೇವೆ. ಆರಾಧನೆಯೂ ಬಾಗಿಲ ಬಳಿಯ ಮಾತುಕತೆಯೂ ಮುಗಿಯುವಷ್ಟರಲ್ಲಿ ಹೊತ್ತು ತಿರುಗಿ ನೆರಳು ಮೂಡಣಕ್ಕೆ ಸರಿದಿರುವದು. ಹಗ್ಗವು ಸರಿಯದು. ಕೆರೆಯ ದಾರಿಯನ್ನು ಬಲ್ಲ ಪ್ರಾಣಿಗೆ ಆ ದಾರಿಯನ್ನು ಮುಚ್ಚಿದವರು ನಾವೇ. ಇದನ್ನು ಬರೆಯುವ ನಾವೂ ಒಂದು ಏಪ್ರಿಲ್ ಭಾನುವಾರ ಹೀಗೆಯೇ ಮರೆತು, ಹಿಂದಿರುಗಿದಾಗ ನಮ್ಮ ಎಮ್ಮೆಯು ಬಾಯಿ ತೆರೆದು ಜೊಲ್ಲು ಸುರಿಸುತ್ತಾ ಏದುವದನ್ನು ಕಂಡೆವು. ಅಂದು ಪ್ರಸಂಗ ಮಾಡಿದವರೂ ನಾವೇ. ಬಿಂದಿಗೆ ಬಿಂದಿಗೆಯಾಗಿ ನೀರು ಹೊಯ್ದರೂ ಸಂಜೆಯ ತನಕ ಅದು ಮೇವನ್ನು ಮುಟ್ಟಲಿಲ್ಲ.

ಈಗ ನಮ್ಮ ಗೂಟವು ಮರದ ಮೂಡಣ ಬದಿಯಲ್ಲಿದೆ. ಬೆಳಗಿನ ಎಳೆಬಿಸಿಲು ಸ್ವಲ್ಪ ತಗಲುವದು, ಅಷ್ಟೆ. ಗಂಟೆ ಬಾರಿಸುವ ಮುಂಚೆ ಒಂದು ಬಾನಿ ನೀರನ್ನು ಅದರ ಬಾಯಿಗೆ ಎಟುಕುವ ಹಾಗೆ ಇಟ್ಟು ಬರುತ್ತೇವೆ.