ಕಾಲುವೆ ತೋಡಿದವರ ಪ್ರತಿಫಲ

ಸ್ಪೇನ್ ಎಂದೊಡನೆ ನಮ್ಮವರು ಅಲ್ ಹಂಬ್ರಾ ಅರಮನೆಯನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರು ತಪ್ಪಲ್ಲ. ಆದರೆ ಅರಮನೆ ದೊರೆಗಳದ್ದು. ಸಾಮಾನ್ಯ ಮುಸ್ಲಿಮನು ಅಲ್ಲಿ ಏನನ್ನು ಬಿಟ್ಟುಹೋದನೆಂದು ತಿಳಿಯಬೇಕಾದರೆ ಗ್ರನಾಡ ನಗರದ ದಕ್ಷಿಣಕ್ಕೆ, ಸಿಯೆರಾ ನೆವಾಡ ಪರ್ವತದ ಇಳಿಜಾರಿನಲ್ಲಿರುವ ಅಲ್ಪುಹಾರ್ರಾ ಹಳ್ಳಿಗಳ ದಾರಿಯಲ್ಲಿ ಒಂದು ದಿನ ನಡೆಯಬೇಕು.

ಬೆಳಗಿನ ಹೊತ್ತು ಪಂಪನೈರಾದಿಂದ ಹೊರಟು ಬುಬಿಯೋನ್, ಪಿತ್ರೆಸ್, ಬುಸ್ಕೀಸ್ತಾರ್ ದಾಟಿ ತ್ರೆವೇಲೆಸ್ ಸೇರುವುದರೊಳಗೆ ನಿಮ್ಮ ಕಾಲುಗಳು ಸೋತಿರುತ್ತವೆ. ಸುಣ್ಣ ಬಳಿದ ಮನೆಗಳು, ಬೂದುಬಣ್ಣದ ಮಣ್ಣು ಹಾಸಿದ ಸಪಾಟು ಮಾಳಿಗೆಗಳು. ಇಂತಹ ಮನೆಗಳನ್ನು ನೋಡಬೇಕಾದರೆ ಸಮುದ್ರ ದಾಟಿ ಮೊರಾಕ್ಕೋದ ಬೆಟ್ಟಗಳಿಗೆ ಹೋಗಬೇಕು. (ತ್ರೆವೇಲೆಸ್ ಇಂದು ಹಂದಿಮಾಂಸಕ್ಕೆ ಹೆಸರಾದ ಊರು. ಇತಿಹಾಸವು ನಮ್ಮನ್ನು ಕೇಳಿ ನಡೆಯುವುದಿಲ್ಲ!) ದಾರಿಯುದ್ದಕ್ಕೂ ನಿಮ್ಮ ಜೊತೆ ನಡೆಯುವುದು ನೀರು. ಬೆಟ್ಟದ ಮೈಯನ್ನು ಸುತ್ತಿಬರುವ ಆ ಕಾಲುವೆಗೆ ಅಲ್ಲಿಯವರು ಅಸೇಕಿಯಾ ಎನ್ನುತ್ತಾರೆ. ಅದು ಅರಬಿಯ 'ಅಸ್ಸಾಖಿಯ' ಪದವೇ. ವಸಂತದಲ್ಲಿ ಹಿಮ ಕರಗಿದ ನೀರನ್ನು ಎತ್ತರದಲ್ಲೇ ತಿರುಗಿಸಿ ಬೆಟ್ಟದೊಳಗೆ ಇಂಗಿಸುವ ಕಾಲುವೆಗಳೂ ಇವೆ. ಆ ನೀರು ವಾರಗಳ, ತಿಂಗಳುಗಳ ಬಳಿಕ, ಕಡು ಬೇಸಗೆಯಲ್ಲಿ, ಕೆಳಗಿನ ಊರುಗಳ ಒರತೆಗಳಲ್ಲಿ ಹೊರಬರುತ್ತದೆ.

ಇದನ್ನು ತೋಡಿದವರ ಗತಿ ಏನಾಯಿತು? 1492ರಲ್ಲಿ ಗ್ರನಾಡ ಶರಣಾದಾಗ ಕೊಟ್ಟ ಧಾರ್ಮಿಕ ಸ್ವಾತಂತ್ರ್ಯದ ಮಾತು ಹತ್ತು ವರ್ಷವೂ ಬಾಳಲಿಲ್ಲ. ಬಲವಂತದ ಮತಾಂತರ ನಡೆಯಿತು. 1567ರಲ್ಲಿ ಅರಬಿ ಭಾಷೆ, ಉಡುಪು, ಸ್ನಾನಗೃಹಗಳೂ ನಿಷಿದ್ಧವಾದವು. 1568ರಲ್ಲಿ ಇದೇ ಬೆಟ್ಟಗಳು ದಂಗೆಯೆದ್ದವು. ದಂಗೆಯನ್ನು ಹತ್ತಿಕ್ಕಿ ಇಲ್ಲಿಯ ಜನರನ್ನು ಊರುಬಿಡಿಸಿ ದೂರದ ಪ್ರಾಂತಗಳಿಗೆ ಅಟ್ಟಲಾಯಿತು. 1609ರಿಂದ 1614ರೊಳಗೆ ಸ್ಪೇನಿನಿಂದಲೇ ಸುಮಾರು ಮೂರು ಲಕ್ಷ ಮಂದಿ ಹೊರದಬ್ಬಲ್ಪಟ್ಟರು. ಅವರ ಮನೆ, ಹೊಲ, ಹಿಪ್ಪುನೇರಳೆ ಮರಗಳು ಉತ್ತರದಿಂದ ಬಂದ ಹೊಸಬರ ಪಾಲಾದವು. ನೀರೂ ಸಹ.

ಈಗ ನಿಮ್ಮನ್ನೊಂದು ಪ್ರಶ್ನೆ ಕೇಳಬೇಕು. ಆ ಕಾಲುವೆ ಅದನ್ನು ತೋಡಿದವನ ಪಾಲಿಗೆ ಸದಖತುಲ್ ಜಾರಿಯ ಆಗುವುದೇ? ಅವನು ಅದನ್ನು ದಾನವಾಗಿ ಕೊಡಲಿಲ್ಲ. ತನ್ನ ಹೊಲಕ್ಕಾಗಿ, ತನ್ನ ಮಕ್ಕಳಿಗಾಗಿ ತೋಡಿದ. ಅವನಿಂದ ಅದನ್ನು ಕಿತ್ತುಕೊಳ್ಳಲಾಯಿತು. ಕಿತ್ತುಕೊಂಡದ್ದು ದಾನವಾಗುವುದು ಹೇಗೆ?

ಮರ ನೆಡುವವನ ಕುರಿತು ಪ್ರವಾದಿವರ್ಯರು(ಸ) ಹೇಳಿದ್ದು ನಿಮಗೆ ಗೊತ್ತು. ಮನುಷ್ಯರೂ ಹಕ್ಕಿಗಳೂ ಪ್ರಾಣಿಗಳೂ ತಿಂದದ್ದೆಲ್ಲ ಅವನಿಗೆ ದಾನವಾಗುತ್ತದೆ. ಆದರೆ ಸಹೀಹ್ ಮುಸ್ಲಿಮ್‌ನ ವರದಿಯೊಂದರಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಮಾತಿದೆ. ಅದರಿಂದ ಕಳವಾದದ್ದೂ ನೆಟ್ಟವನ ಲೆಕ್ಕದಲ್ಲಿ ದಾನವೇ. ಎಷ್ಟು ದೊಡ್ಡ ಸಾಂತ್ವನವಿದು! ಆದರೆ ಇದರಿಂದ ಕಳ್ಳನ ಪಾಪ ತೊಳೆದುಹೋಯಿತೆಂದು ಯಾರೂ ಭಾವಿಸಬೇಕಾಗಿಲ್ಲ. ಎರಡೂ ಬೇರೆ ಬೇರೆ ಲೆಕ್ಕಗಳು. ಅಕ್ರಮಿಯ ಲೆಕ್ಕ ಅಲ್ಲಾಹನ ಬಳಿ ತೆರೆದೇ ಇದೆ, ಮರ್ದಿತನ ಪ್ರತಿಫಲವೂ ನಿಂತಿಲ್ಲ. 'ನೀರು ಹರಿಯುತ್ತಿದೆಯಲ್ಲ, ಹಳೆಯದನ್ನು ಮರೆಯಿರಿ' ಎನ್ನುವವರು ಈ ಎರಡನ್ನು ಬೆರೆಸುತ್ತಾರೆ. ಇಂದು ಆ ಹೊಲದಲ್ಲಿ ದುಡಿಯುವ ಮುದುಕನನ್ನು ಕಳ್ಳನೆನ್ನುವವರೂ ಅಷ್ಟೇ ತಪ್ಪುತ್ತಾರೆ. ಒಬ್ಬನ ಭಾರವನ್ನು ಇನ್ನೊಬ್ಬನ ಮೇಲೆ ಹೊರಿಸಲು ಕುರ್‌ಆನ್ ಅನುಮತಿಸುವುದಿಲ್ಲ.

ಇನ್ನೂ ಒಂದು ವಿಷಯ. ಕಾಲುವೆ ತಾನಾಗಿ ಉಳಿಯುವುದಿಲ್ಲ. ಪ್ರತಿವರ್ಷ ಹೂಳೆತ್ತದಿದ್ದರೆ ಸತ್ತುಹೋಗುತ್ತದೆ. ಯುವಕರು ಪಟ್ಟಣ ಸೇರಿದ ಮೇಲೆ ಅಲ್ಲಿ ಎಷ್ಟೋ ಕಾಲುವೆಗಳು ಹಾಗೆ ಮುಚ್ಚಿಹೋದವು. 2014ರಿಂದ ಗ್ರನಾಡ ವಿಶ್ವವಿದ್ಯಾಲಯದ ಸಂಶೋಧಕರು ಊರವರನ್ನೂ ಸ್ವಯಂಸೇವಕರನ್ನೂ ಕೂಡಿಸಿಕೊಂಡು ಅವುಗಳನ್ನು ಮತ್ತೆ ತೆರೆಯುತ್ತಿದ್ದಾರೆ. ಗುದ್ದಲಿ ಹಿಡಿದ ಆ ಕೈಗಳು ಮುಸ್ಲಿಮರದ್ದಲ್ಲ. ಮಣ್ಣು ತೆಗೆದು ದಾರಿ ಬಿಡಿಸಿದೊಡನೆ ನೀರು ಹಳೆಯ ಪಾತ್ರದಲ್ಲೇ ಕೆಳಗಿನ ಊರಿಗೆ ಇಳಿಯುತ್ತದೆ.